ಬಾಡಿಗೆ ಮನೆಯ ಮೊದಲ ಖರ್ಚು: ಯಾವುದು ಈಗ ಕಳೆಯುತ್ತದೆ, ಯಾವುದು ಕಾಯುತ್ತದೆ?



ಹಾಲಿನ ಬಟವಾಡೆಯಲ್ಲಿ ಉಳಿಸಿದ ಹಣಕ್ಕೆ ಒಂದಿಷ್ಟು ಸಾಲ ಸೇರಿಸಿ, ದಾವಣಗೆರೆಯಲ್ಲೋ ಹರಿಹರದಲ್ಲೋ ನಿವೇಶನ ಕೊಂಡು, ಎರಡು ಮನೆ ಕಟ್ಟಿ ಬಾಡಿಗೆಗೆ ಬಿಡಬೇಕೆಂಬ ಆಲೋಚನೆ ನಮ್ಮಲ್ಲಿ ಅನೇಕರಿಗೆ ಇದೆ. ಆಲೋಚನೆ ತಪ್ಪಲ್ಲ. ದಾವಣಗೆರೆಯಲ್ಲಿ 1951ರಿಂದ ಇಂಜಿನಿಯರಿಂಗ್ ಕಾಲೇಜು, 1965ರಿಂದ ವೈದ್ಯಕೀಯ ಕಾಲೇಜು ಇವೆ. 1997ರ ಆಗಸ್ಟ್ 15ರಂದು ಊರು ಜಿಲ್ಲಾ ಕೇಂದ್ರವಾಯಿತು. 2007ರಲ್ಲಿ ಮಹಾನಗರಪಾಲಿಕೆ, 2009ರಲ್ಲಿ ವಿಶ್ವವಿದ್ಯಾಲಯ ಬಂದವು. ಓದುವ ಮಕ್ಕಳು, ನೌಕರರು, ವ್ಯಾಪಾರಸ್ಥರು ಬಾಡಿಗೆ ಮನೆ ಹುಡುಕಿಕೊಂಡು ಬರುತ್ತಲೇ ಇದ್ದಾರೆ. ಹರಿಹರದಲ್ಲಿಯೂ ಸಣ್ಣ ಮನೆಗಳಿಗೆ, ಮಳಿಗೆಗಳಿಗೆ ಗಿರಾಕಿ ಉಂಟು.

ಆದರೆ ಮೊದಲ ತಿಂಗಳ ಬಾಡಿಗೆ ಕೈಗೆ ಬರುವ ಮುಂಚೆಯೇ ಹಣ ನೀರಿನಂತೆ ಹೋಗುತ್ತದೆ. ಕ್ರಯಪತ್ರದ ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ, ವಕೀಲರ ಫೀಸು, ಖಾತೆ ಬದಲಾವಣೆ, ನಕ್ಷೆ ಮಂಜೂರಾತಿ, ಬೋರ್‌ವೆಲ್, ಸಂಪು, ಕರೆಂಟ್ ಮೀಟರು, ಸುಣ್ಣ-ಬಣ್ಣ, ಬ್ರೋಕರ್ ಕಮಿಷನ್ನು ಒಂದೊಂದಾಗಿ ಬರುತ್ತವೆ. ಇವೆಲ್ಲಕ್ಕಿಂತ ದೊಡ್ಡದು, ಗೋಡೆ ಏಳುತ್ತಿರುವಾಗಲೇ ಓಡುತ್ತಿರುವ ಸಾಲದ ಬಡ್ಡಿ. “ಈ ಖರ್ಚನ್ನೆಲ್ಲ ಬಾಡಿಗೆಯಲ್ಲಿ ಕಳೆದು ಉಳಿದದ್ದಕ್ಕೆ ತಾನೇ ತೆರಿಗೆ?” ಎಂಬುದು ಸಹಜವಾಗಿ ಏಳುವ ಪ್ರಶ್ನೆ.

ಉತ್ತರ ಇಷ್ಟು: ಕೆಲವು ಖರ್ಚು ಈಗಲೇ ಕಳೆಯುತ್ತದೆ. ಕೆಲವು ಐದು ವರ್ಷಗಳಲ್ಲಿ ಹಂಚಿ ಕಳೆಯುತ್ತದೆ. ಹೆಚ್ಚಿನ ಪಾಲು ಮನೆ ಮಾರುವ ದಿನದವರೆಗೆ ಕಾದು ಕುಳಿತಿರುತ್ತದೆ. ಯಾವುದು ಯಾವ ಗುಂಪಿಗೆ ಸೇರುತ್ತದೆ ಎಂಬುದನ್ನು ಸಾಲಕ್ಕೆ ಸಹಿ ಹಾಕುವ ಮುನ್ನವೇ ತಿಳಿದಿರಬೇಕು. ಈ ಪಾಠದ ಉದ್ದೇಶ ಅದೇ.

ಬಾಡಿಗೆಯ ಲೆಕ್ಕ ಹೈನಿನ ಲೆಕ್ಕದಂತಲ್ಲ

ಹೈನುಗಾರಿಕೆಯಲ್ಲಿ ಹಿಂಡಿ, ಬೂಸಾ, ಮೇವು, ಪಶುವೈದ್ಯರ ಖರ್ಚು ಇತ್ಯಾದಿಗಳನ್ನು ಹಾಲಿನ ಉತ್ಪತ್ತಿಯಿಂದ ಕಳೆದು ಲಾಭ ಹೇಳುತ್ತೇವೆ. ಬಾಡಿಗೆಗೆ ಈ ರೀತಿ ಇಲ್ಲ. ಕಟ್ಟಡದ ಬಾಡಿಗೆಯನ್ನು ಆದಾಯ ತೆರಿಗೆ ಕಾಯ್ದೆ “ಮನೆ ಆಸ್ತಿಯ ಆದಾಯ” ಎಂಬ ಪ್ರತ್ಯೇಕ ಶೀರ್ಷಿಕೆಯಲ್ಲಿ ಇಟ್ಟಿದೆ. ವಾಸದ ಮನೆ, ಅಂಗಡಿ ಮಳಿಗೆ, ಗೋದಾಮು ಎಲ್ಲಕ್ಕೂ ಇದೇ ಶೀರ್ಷಿಕೆ. ಇಲ್ಲಿ ಕಳೆಯಲು ಅವಕಾಶ ಇರುವುದು ಮೂರಕ್ಕೆ ಮಾತ್ರ:

1. ಮಾಲೀಕರು ಆ ವರ್ಷ ನಿಜವಾಗಿ ಕಟ್ಟಿದ ಪಾಲಿಕೆ ಅಥವಾ ನಗರಸಭೆಯ ಮನೆ ಕಂದಾಯ.
2. ಕಂದಾಯ ಕಳೆದು ಉಳಿದ ಮೊತ್ತದ ಮೇಲೆ ಶೇ. 30ರಷ್ಟು ನಿಗದಿತ ಕಡಿತ.
3. ಮನೆ ಕೊಳ್ಳಲು, ಕಟ್ಟಲು, ದುರಸ್ತಿ ಮಾಡಲು ಪಡೆದ ಸಾಲದ ಬಡ್ಡಿ.

1961ರ ಕಾಯ್ದೆಯಲ್ಲಿ ಶೇ. 30ರ ಕಡಿತ ಮತ್ತು ಬಡ್ಡಿಯ ವಿಷಯ 24ನೇ ಕಲಮಿನಲ್ಲಿತ್ತು. 1-4-2026ರಿಂದ ಅನ್ವಯಿಸುವ 2025ರ ಆದಾಯ ತೆರಿಗೆ ಕಾಯ್ದೆಯಲ್ಲಿ ಅದು 22ನೇ ಕಲಂ. ಕಲಮಿನ ಸಂಖ್ಯೆ ಬದಲಾದರೂ ಲೆಕ್ಕದ ತಳಹದಿ ಅದೇ ಆಗಿದೆ.

ಶೇ. 30ರ ಕಡಿತದ ಗುಣವನ್ನು ಚೆನ್ನಾಗಿ ಅರಿಯಬೇಕು. ನೀವು ಆ ವರ್ಷ ದುರಸ್ತಿಗೆ ಒಂದು ರೂಪಾಯಿ ಖರ್ಚು ಮಾಡದಿದ್ದರೂ ಅದು ಸಿಗುತ್ತದೆ, ಬಿಲ್ಲು ಕೇಳುವುದಿಲ್ಲ. ಬಾಡಿಗೆಯ ಅರ್ಧದಷ್ಟು ಖರ್ಚು ಮಾಡಿದ್ದರೂ ಸಿಗುವುದು ಶೇ. 30 ಮಾತ್ರ. ಬ್ರೋಕರ್ ಕಮಿಷನ್ನು, ಬಾಡಿಗೆ ಕರಾರಿನ ಛಾಪಾ ಕಾಗದ, ವಿಮೆ, ಕಾವಲುಗಾರನ ಸಂಬಳ, ನಲ್ಲಿ ರಿಪೇರಿ ಎಲ್ಲವೂ ಅದರೊಳಗೇ ಮುಳುಗಿದವು ಎಂದು ತಿಳಿಯತಕ್ಕದ್ದು.

ನಾಲ್ಕು ಲಕೋಟೆ ಮಾಡಿಕೊಳ್ಳಿ

ಮೊದಲ ದಿನದಿಂದಲೇ ನಾಲ್ಕು ದೊಡ್ಡ ಲಕೋಟೆ ಇಟ್ಟುಕೊಳ್ಳಿ. ಪ್ರತಿಯೊಂದು ಚೀಟಿಯನ್ನೂ ಬಂದ ದಿನವೇ ಅದರದರ ಲಕೋಟೆಗೆ ಹಾಕಿ.

ಮೊದಲನೆಯ ಲಕೋಟೆ: ಬಡ್ಡಿ. ಸಾಲ ಮಂಜೂರಾತಿ ಪತ್ರ, ವರ್ಷಾವಧಿಯ ಬಡ್ಡಿ ಪ್ರಮಾಣಪತ್ರ, ಕಂತಿನ ವಿವರ ಇದರಲ್ಲಿರಲಿ. ಕಂತಿನಲ್ಲಿ ಅಸಲು ಬೇರೆ, ಬಡ್ಡಿ ಬೇರೆ. ಬಾಡಿಗೆಯಿಂದ ಕಳೆಯುವುದು ಬಡ್ಡಿ ಮಾತ್ರ. ಸಾಲಕ್ಕೆ ಸಂಬಂಧಿಸಿದಂತೆ ಸಾಲ ಕೊಟ್ಟವರು ಹಾಕುವ ಸೇವಾ ಶುಲ್ಕವೂ ಕಾಯ್ದೆಯ “ಬಡ್ಡಿ” ಎಂಬ ವ್ಯಾಖ್ಯೆಯಲ್ಲಿ ಸೇರಿದೆ. ಆದಕಾರಣ ಬ್ಯಾಂಕು ಹಿಡಿದುಕೊಂಡ ಸಂಸ್ಕರಣಾ ಶುಲ್ಕದ ಚೀಟಿಯನ್ನೂ ಇದರಲ್ಲೇ ಇಡಿ. ಕಂತು ತಪ್ಪಿದ್ದಕ್ಕೆ ಬಡ್ಡಿಯ ಮೇಲೆ ಬಿದ್ದ ಬಡ್ಡಿ ಮಾತ್ರ ಕಳೆಯುವುದಿಲ್ಲ.

ಸಾಲ ಮನೆಸಾಲವೇ ಆಗಿರಬೇಕೆಂದಿಲ್ಲ. ಮೋಲ್ಡ್ ಹಾಕಿಸುವ ಸಮಯಕ್ಕೆ ಹಣ ಸಾಲದೆ ಒಡವೆ ಅಡವಿಟ್ಟು ತಂದ ಸಾಲದ ಬಡ್ಡಿಯೂ ಬಾಡಿಗೆ ಮನೆಯ ಲೆಕ್ಕಕ್ಕೆ ಬರುತ್ತದೆ, ಆ ಹಣ ಮನೆಗೇ ಹೋಯಿತೆಂದು ತೋರಿಸಲು ಆಗಬೇಕು ಅಷ್ಟೆ. ಆದ್ದರಿಂದ ಸಾಲದ ಹಣವನ್ನು ಖಾತೆಗೆ ಹಾಕಿಸಿ, ಅಲ್ಲಿಂದಲೇ ಸಿಮೆಂಟು-ಕಬ್ಬಿಣದ ಅಂಗಡಿಗೆ, ಮೇಸ್ತ್ರಿಗೆ ಕೊಡಿ. ಇಪ್ಪತ್ತು ಸಾವಿರ ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಕೈಸಾಲವನ್ನು ನಗದಾಗಿ ಪಡೆಯುವುದು ಸಾಮಾನ್ಯವಾಗಿ ಕಾಯ್ದೆಗೆ ವಿರುದ್ಧ. ಪಡೆದಷ್ಟೇ ಮೊತ್ತದ ದಂಡ ಬೀಳಬಹುದು.

ಎರಡನೆಯ ಲಕೋಟೆ: ಕಂದಾಯ. ದಾವಣಗೆರೆ ಮಹಾನಗರಪಾಲಿಕೆ ಅಥವಾ ಹರಿಹರ ನಗರಸಭೆಗೆ ಕಟ್ಟಿದ ಆಸ್ತಿ ತೆರಿಗೆಯ ರಸೀದಿ ಇದರಲ್ಲಿ. ಇಲ್ಲಿ ಬಾಕಿ ಎಂಬ ಮಾತಿಗೆ ಬೆಲೆ ಇಲ್ಲ. ಹಣ ಕಟ್ಟಿದ ವರ್ಷದಲ್ಲಿ ಮಾತ್ರ ಕಳೆಯಬಹುದು. ಬಾಡಿಗೆದಾರರೇ ಕಟ್ಟಿದ್ದರೆ ನಿಮಗೆ ಕಡಿತ ಇಲ್ಲ. ಏಪ್ರಿಲ್ ತಿಂಗಳಲ್ಲೇ ಕಟ್ಟಿದರೆ ಶೇ. 5ರ ರಿಯಾಯಿತಿಯೂ ದೊರೆಯುತ್ತದೆ.

ಮೂರನೆಯ ಲಕೋಟೆ: ಮನೆಯ ಬೆಲೆ. ಇದು ಎಲ್ಲಕ್ಕಿಂತ ದಪ್ಪಗಿರಬೇಕಾದ ಲಕೋಟೆ. ನಿವೇಶನದ ಕ್ರಯ, ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ, ಪತ್ರ ಪರಿಶೀಲಿಸಿದ ವಕೀಲರ ಫೀಸು, ನಿವೇಶನ ಕೊಡಿಸಿದ ದಲ್ಲಾಳಿಯ ಕಮಿಷನ್ನು, ಜಮೀನಾಗಿದ್ದರೆ ಭೂಪರಿವರ್ತನೆಯ ಶುಲ್ಕ, ನಕ್ಷೆ ಮಂಜೂರಾತಿ, ಇಂಜಿನಿಯರ ಫೀಸು, ಕಟ್ಟಡದ ಸಾಮಗ್ರಿ, ಕೂಲಿ, ಬೋರ್‌ವೆಲ್, ಸಂಪು, ಕಾಂಪೌಂಡು, ಹೊಸ ಮನೆಗೆ ಮೊದಲ ಬಾರಿ ಹೊಡೆಸಿದ ಬಣ್ಣ ಇವೆಲ್ಲ ಇದರಲ್ಲಿ ಸೇರತಕ್ಕವು. ಇವು ಯಾವುವೂ ಬಾಡಿಗೆಯಿಂದ ಕಳೆಯುವುದಿಲ್ಲ. ಹಾಗೆಂದು ವ್ಯರ್ಥವೂ ಅಲ್ಲ. ಮುಂದೆ ಮನೆ ಮಾರಿದಾಗ ಲಾಭ ಎಷ್ಟೆಂದು ತೀರ್ಮಾನಿಸುವುದು ಈ ಲಕೋಟೆಯೇ.

ಕರ್ನಾಟಕದಲ್ಲಿ 31-8-2025ರಿಂದ ನೋಂದಣಿ ಶುಲ್ಕ ಶೇ. 1ರಿಂದ ಶೇ. 2ಕ್ಕೆ ಏರಿದೆ. ಹತ್ತು ಲಕ್ಷದ ನಿವೇಶನಕ್ಕೆ ಹತ್ತು ಸಾವಿರ ಇದ್ದದ್ದು ಈಗ ಇಪ್ಪತ್ತು ಸಾವಿರ. ಮುದ್ರಾಂಕ ಶುಲ್ಕ ಇದರ ಮೇಲೆ ಪ್ರತ್ಯೇಕ. ಅಂದಾಜು ಪಟ್ಟಿ ಮಾಡುವವರು ಇದನ್ನು ಮರೆಯಬಾರದು.

ನಾಲ್ಕನೆಯ ಲಕೋಟೆ: ನಿರ್ವಹಣೆ. ಬಾಡಿಗೆದಾರರನ್ನು ಹುಡುಕಿಕೊಟ್ಟ ಬ್ರೋಕರ್‌ಗೆ ಕೊಟ್ಟದ್ದು, ಒಬ್ಬರು ಬಿಟ್ಟು ಇನ್ನೊಬ್ಬರು ಬರುವಾಗ ಹೊಡೆಸಿದ ಸುಣ್ಣ-ಬಣ್ಣ, ಮೋಟಾರು ರಿಪೇರಿ, ವಿಮೆ ಇದರಲ್ಲಿ. ಇವು ಶೇ. 30ರಲ್ಲಿ ಸೇರಿಹೋದುವು. ತೆರಿಗೆಗೆ ಈ ಚೀಟಿ ಬೇಡವಾದರೂ ನಿಮ್ಮ ತಿಳಿವಳಿಕೆಗೆ ಬೇಕು: ಬಾಡಿಗೆಯಲ್ಲಿ ನಿಜವಾಗಿ ಎಷ್ಟು ಉಳಿಯಿತೆಂದು ಇದೇ ಹೇಳುತ್ತದೆ.

ಯಾವ ಲಕೋಟೆಗೂ ಸೇರದವು ಸಹ ಇವೆ. ಗೃಹಪ್ರವೇಶದ ಊಟದ ಖರ್ಚಿಗೆ ತೆರಿಗೆಯಲ್ಲಿ ಸ್ಥಾನವಿಲ್ಲ. ಬೆಸ್ಕಾಂನಲ್ಲಿ ಇಟ್ಟ ಠೇವಣಿ ಖರ್ಚೇ ಅಲ್ಲ. ಅದು ವಾಪಸು ಬರುವ ನಿಮ್ಮದೇ ಹಣ.

ಕಟ್ಟುವ ಕಾಲದ ಬಡ್ಡಿ

ಗಬ್ಬದ ಹಸುವಿಗೆ ಹಿಂಡಿ ಹಾಕುವುದು ಕರು ಹಾಕುವ ಮುಂಚೆ. ಹಾಲು ಬರುವುದು ಆಮೇಲೆ. ಕಟ್ಟುತ್ತಿರುವ ಮನೆಯ ಬಡ್ಡಿಯೂ ಹಾಗೆಯೇ. ಬಾಡಿಗೆ ಆರಂಭದ ಮುಂಚಿನ ಖರ್ಚುಗಳಲ್ಲಿ, ಮುಂದೆ ಬಾಡಿಗೆಯಿಂದ ಕಳೆಯಲು ಕಾಯ್ದೆ ಸ್ಪಷ್ಟವಾಗಿ ದಾರಿ ಮಾಡಿಕೊಟ್ಟಿರುವುದು ಇದೊಂದಕ್ಕೆ. ಆದರೂ ಅನೇಕರು ಇದನ್ನು ಬಿಟ್ಟೇಬಿಡುತ್ತಾರೆ.

ನಿಯಮ ಹೀಗಿದೆ. ಮನೆ ಪೂರ್ಣವಾಗುವವರೆಗೆ ಏನೂ ಕಳೆಯಲಾಗದು. ಸಾಲ ಪಡೆದ ದಿನದಿಂದ, ಮನೆ ಪೂರ್ಣವಾದ ದಿನಕ್ಕೆ ಹಿಂದಿನ ಮಾರ್ಚ್ 31ರವರೆಗಿನ ಬಡ್ಡಿಯನ್ನು ಒಟ್ಟುಮಾಡಿ ಐದು ಸಮಪಾಲು ಮಾಡಬೇಕು. ಪೂರ್ಣವಾದ ವರ್ಷದಿಂದ ಮೊದಲ್ಗೊಂಡು ವರ್ಷಕ್ಕೊಂದು ಪಾಲಿನಂತೆ ಐದು ವರ್ಷ ಕಳೆಯಬೇಕು. ಪೂರ್ಣವಾದ ವರ್ಷದ ಬಡ್ಡಿಯನ್ನು ಮಾತ್ರ ಅದೇ ವರ್ಷ ಪೂರ್ತಿ ಕಳೆಯಬಹುದು.

ಇದರಿಂದ ಒಂದು ಉಪಯುಕ್ತ ವಿಷಯ ಹೊರಡುತ್ತದೆ. ಮನೆ ಮಾರ್ಚ್ ಕೊನೆಗೆ ಮುಗಿದರೆ ಆ ವರ್ಷದ ಬಡ್ಡಿ ಪೂರ್ತಿ ಆ ವರ್ಷದ ಲೆಕ್ಕಕ್ಕೇ ಬರುತ್ತದೆ. ಏಪ್ರಿಲ್ ಮೊದಲ ವಾರಕ್ಕೆ ಜಾರಿದರೆ ಅದೇ ಬಡ್ಡಿ ಐದು ಪಾಲಾಗಿ ಹರಡುತ್ತದೆ. ಆದ್ದರಿಂದ ಪೂರ್ಣಗೊಂಡ ದಿನಾಂಕಕ್ಕೆ ಪಾಲಿಕೆ ಅಥವಾ ನಗರಸಭೆಯ ದಾಖಲೆ ಪಡೆದು ಇಟ್ಟುಕೊಳ್ಳುವುದು ಅಗತ್ಯ.

ಒಂದು ಲೆಕ್ಕ

ಹರಿಹರದ ಒಬ್ಬ ಸದಸ್ಯರು 1-7-2023ರಂದು ಶೇ. 9ರ ಬಡ್ಡಿಗೆ ರೂ. 12,00,000 ಸಾಲ ಪಡೆದರೆಂದು ಇಟ್ಟುಕೊಳ್ಳೋಣ. ಲೆಕ್ಕ ಸುಲಭವಾಗಲೆಂದು ಈ ಅವಧಿಯಲ್ಲಿ ಅಸಲು ತೀರಿಲ್ಲ ಎಂದು ಭಾವಿಸಿ. ಎರಡು ಮನೆ 28-11-2025ರಂದು ಮುಗಿದವು. 1-12-2025ರಿಂದ ತಲಾ ರೂ. 7,000ದಂತೆ ತಿಂಗಳಿಗೆ ರೂ. 14,000 ಬಾಡಿಗೆ.

ಕಟ್ಟುವ ಕಾಲದ ಬಡ್ಡಿ:
2023-24ರ 9 ತಿಂಗಳು — ರೂ. 81,000
2024-25ರ 12 ತಿಂಗಳು — ರೂ. 1,08,000
ಒಟ್ಟು — ರೂ. 1,89,000
ಐದರಲ್ಲಿ ಒಂದು ಪಾಲು — ರೂ. 37,800

2025-26ರ ಲೆಕ್ಕ:
4 ತಿಂಗಳ ಬಾಡಿಗೆ — ರೂ. 56,000
ಕಟ್ಟಿದ ಕಂದಾಯ ಕಳೆದು (ರೂ. 4,000) — ರೂ. 52,000
ಶೇ. 30 ಕಳೆದು (ರೂ. 15,600) — ರೂ. 36,400
ಈ ವರ್ಷದ ಬಡ್ಡಿ ರೂ. 1,08,000 ಮತ್ತು ಹಿಂದಿನದರ ಒಂದು ಪಾಲು ರೂ. 37,800, ಒಟ್ಟು — ರೂ. 1,45,800
ನಷ್ಟ — ರೂ. 1,09,400

2026-27ರ ಲೆಕ್ಕ:
12 ತಿಂಗಳ ಬಾಡಿಗೆ — ರೂ. 1,68,000
ಕಂದಾಯ ಕಳೆದು — ರೂ. 1,64,000
ಶೇ. 30 ಕಳೆದು (ರೂ. 49,200) — ರೂ. 1,14,800
ಬಡ್ಡಿ, ಪಾಲು ಸೇರಿ — ರೂ. 1,45,800
ನಷ್ಟ — ರೂ. 31,000

ಕಟ್ಟುವ ಕಾಲದ ಬಡ್ಡಿಯನ್ನು ಅವರು ಮರೆತಿದ್ದರೆ ಈ ಎರಡನೆಯ ವರ್ಷದಲ್ಲಿ ನಷ್ಟದ ಬದಲು ರೂ. 6,800 ಆದಾಯ ಬರುತ್ತಿತ್ತು. 2029-30ರವರೆಗೆ ಪ್ರತಿ ವರ್ಷ ರೂ. 37,800 ಬಿಟ್ಟುಕೊಟ್ಟಂತೆ ಆಗುತ್ತಿತ್ತು.

ಈ ಲೆಕ್ಕ ಇನ್ನೊಂದು ಮಾತನ್ನೂ ಹೇಳುತ್ತದೆ. ಪೂರ್ತಿ ವರ್ಷ ಮನೆ ತುಂಬಿದ್ದರೂ ಬಾಡಿಗೆಯ ಬಹುಪಾಲು ಬಡ್ಡಿಗೇ ಹೋಗುತ್ತಿದೆ. ಮೂರು ತಿಂಗಳು ಮನೆ ಖಾಲಿ ಬಿದ್ದರೆ ಕಂತು ಕಟ್ಟಲು ಹಾಲಿನ ಹಣಕ್ಕೆ ಕೈ ಹಾಕಬೇಕು. ಹರಿಹರದ ಹಿರಿಯರಿಗೆ ಇದು ಹೊಸ ಮಾತಲ್ಲ. 1941ರಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ 2000ದ ದಶಕದ ಆರಂಭದಲ್ಲಿ ಬಾಗಿಲು ಮುಚ್ಚಿದ್ದನ್ನು ಅವರು ಕಂಡಿದ್ದಾರೆ. ತೆರಿಗೆಯ ನಷ್ಟ ಕಾಗದದ ಮೇಲಿನದು. ಖಾಲಿ ಮನೆಯ ನಷ್ಟ ಜೇಬಿನದು. ಎರಡನ್ನೂ ಬೇರೆಬೇರೆಯಾಗಿ ಲೆಕ್ಕ ಹಾಕಿ.

ನಷ್ಟವನ್ನು ಯಾವುದರಲ್ಲಿ ಕಳೆಯುವುದು?

ಈಗ ಆದಾಯ ತೆರಿಗೆಯಲ್ಲಿ ಎರಡು ಪದ್ಧತಿಗಳಿವೆ. ನೀವು ಏನನ್ನೂ ಆರಿಸದಿದ್ದರೆ ಹೊಸ ಪದ್ಧತಿ ಅನ್ವಯಿಸುತ್ತದೆ.

ಹಳೆ ಪದ್ಧತಿಯಲ್ಲಿ ಮನೆ ಆಸ್ತಿಯ ನಷ್ಟವನ್ನು ವರ್ಷಕ್ಕೆ ರೂ. 2,00,000 ಮಿತಿಯೊಳಗೆ ಸಂಬಳ ಮೊದಲಾದ ಬೇರೆ ಆದಾಯದಿಂದ ಕಳೆಯಬಹುದು. ಉಳಿದದ್ದನ್ನು ಮುಂದಿನ 8 ವರ್ಷ ಮನೆ ಆಸ್ತಿಯ ಆದಾಯದ ಎದುರು ತರಬಹುದು. ವಾಸದ ಮನೆ ಕೊಂಡವರು ಮುದ್ರಾಂಕ ಮತ್ತು ನೋಂದಣಿ ಶುಲ್ಕವನ್ನು, ಕಟ್ಟಿದ ವರ್ಷದಲ್ಲಿ, ರೂ. 1,50,000ದ ಉಳಿತಾಯದ ಮಿತಿಯೊಳಗೆ ತೋರಿಸುವ ಅವಕಾಶವೂ ಇದೆ.

ಹೊಸ ಪದ್ಧತಿಯಲ್ಲಿ ಬಾಡಿಗೆ ಮನೆಯ ಬಡ್ಡಿ ಬಾಡಿಗೆಯನ್ನು ಸೊನ್ನೆಗೆ ಇಳಿಸಬಲ್ಲದು, ಆದರೆ ನಷ್ಟವನ್ನು ಸಂಬಳದಿಂದಾಗಲಿ ಬೇರೆ ಶೀರ್ಷಿಕೆಯ ಆದಾಯದಿಂದಾಗಲಿ ಕಳೆಯಲು ಬಿಡುವುದಿಲ್ಲ. ಮೇಲಿನ ಲೆಕ್ಕದ ರೂ. 1,09,400 ನಷ್ಟ ಹೊಸ ಪದ್ಧತಿಯವರಿಗೆ ಆ ವರ್ಷ ಏನೂ ತಂದುಕೊಡದು. “ಸಾಲ ಮಾಡಿ ಮನೆ ಕಟ್ಟಿಸು, ತೆರಿಗೆ ಉಳಿಯುತ್ತದೆ” ಎಂಬ ಹಳೆಯ ಸಲಹೆಯನ್ನು ಈಗ ಹಾಗೆಯೇ ನಂಬುವಂತಿಲ್ಲ.

ಹಾಲು ಉತ್ಪಾದಕರು ಗಮನಿಸಬೇಕಾದ ವಿಶೇಷ ಒಂದಿದೆ. ಜಮೀನಿನ ಬೆಳೆಯ ಆದಾಯ ಕೃಷಿ ಆದಾಯ. ಹಾಲು ಮಾರಿ ಬಂದ ಲಾಭ ತೆರಿಗೆಯ ದೃಷ್ಟಿಯಲ್ಲಿ ಕೃಷಿ ಆದಾಯವಲ್ಲ. ಅದು ವ್ಯವಹಾರದ ಆದಾಯ. ಸಂಬಳದವರು ಪ್ರತಿ ವರ್ಷ ಪದ್ಧತಿ ಬದಲಾಯಿಸಬಹುದು. ವ್ಯವಹಾರದ ಆದಾಯ ಉಳ್ಳವರು ಹಳೆ ಪದ್ಧತಿ ಬೇಕಾದರೆ ಗಡುವಿನೊಳಗೆ ಪ್ರತ್ಯೇಕ ನಮೂನೆ ಸಲ್ಲಿಸಬೇಕು. ಒಮ್ಮೆ ಹೊಸ ಪದ್ಧತಿಗೆ ಮರಳಿದರೆ, ಆ ವ್ಯವಹಾರ ಇರುವವರೆಗೆ ಮತ್ತೆ ಹಳೆಯದಕ್ಕೆ ಹೋಗುವಂತಿಲ್ಲ. ಆದ್ದರಿಂದ ಐದು ವರ್ಷದ ಲೆಕ್ಕ ಹಾಕಿ ಆರಿಸಿ.

ಈ ವರ್ಷಕ್ಕಿಂತ ಮಾರುವ ವರ್ಷ ದೊಡ್ಡದು

2025-26ರ ಆದಾಯಕ್ಕೆ ಹೊಸ ಪದ್ಧತಿಯಲ್ಲಿ, ಒಟ್ಟು ಆದಾಯ ರೂ. 12 ಲಕ್ಷ ದಾಟದಿದ್ದರೆ ರಿಯಾಯಿತಿಯ ಕಾರಣ ತೆರಿಗೆ ಬರುವುದಿಲ್ಲ. ರೂ. 4 ಲಕ್ಷ ದಾಟಿದರೆ ತೆರಿಗೆ ಇಲ್ಲದಿದ್ದರೂ ವಿವರಪತ್ರ ಸಲ್ಲಿಸಲೇಬೇಕು. ಹಾಗಾದರೆ ಸಣ್ಣ ಬಾಡಿಗೆಯ ನಮಗೆ ಈ ಚೀಟಿಗಳ ತಾಪತ್ರಯ ಏಕೆ ಎಂದು ಕೇಳಬಹುದು.

ಏಕೆಂದರೆ ಆ ರಿಯಾಯಿತಿ ಮನೆ ಮಾರಿದ ಬಂಡವಾಳ ಲಾಭಕ್ಕೆ ಸಿಗುವುದಿಲ್ಲ. 23-7-2024ರಿಂದ, 24 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡ ನಿವೇಶನ-ಕಟ್ಟಡದ ಲಾಭಕ್ಕೆ ಶೇ. 12.5 ತೆರಿಗೆ, ಮೇಲೆ ಸೆಸ್ಸು. ಹಣದುಬ್ಬರಕ್ಕೆ ತಕ್ಕಂತೆ ಕೊಂಡ ಬೆಲೆಯನ್ನು ಏರಿಸಿಕೊಳ್ಳುವ ಹಿಂದಿನ ಸೌಲಭ್ಯ ಇದರಲ್ಲಿ ಇಲ್ಲ. ಆ ದಿನಾಂಕಕ್ಕೆ ಮುಂಚೆ ಕೊಂಡವರು ಶೇ. 20ರ ಹಳೆಯ ಲೆಕ್ಕವನ್ನೂ ಹಾಕಿ, ಕಡಿಮೆ ಬರುವುದನ್ನು ಕಟ್ಟಬಹುದು. ಇನ್ನು ಮುಂದೆ ಕೊಳ್ಳುವವರಿಗೆ ಆ ಆಯ್ಕೆ ಇಲ್ಲ. ಅವರ ಪಾಲಿಗೆ ಬೆಲೆ ಎಂದರೆ ಮೂರನೆಯ ಲಕೋಟೆಯಲ್ಲಿರುವುದು ಎಷ್ಟೋ ಅಷ್ಟೇ.

ಬೋರ್‌ವೆಲ್ ಮತ್ತು ಮೋಟಾರಿಗೆ ರೂ. 1,20,000, ನಕ್ಷೆ ಮಂಜೂರಾತಿ ಹಾಗೂ ಇಂಜಿನಿಯರ ಫೀಸಿಗೆ ರೂ. 30,000 ಖರ್ಚಾಗಿದೆ ಎಂದು ಇಟ್ಟುಕೊಳ್ಳಿ. ಬಿಲ್ಲು ಕಳೆದುಹೋಯಿತು. ಹತ್ತು ವರ್ಷದ ಮೇಲೆ ಮಗಳ ಮದುವೆಗೆ ಮನೆ ಮಾರಿದಿರಿ. ಆ ರೂ. 1,50,000 ಲಾಭವೆಂದೇ ಎಣಿಕೆಯಾಗಿ ರೂ. 18,750 ಹೆಚ್ಚು ತೆರಿಗೆ ಬೀಳುತ್ತದೆ. ಇಡೀ ಕಟ್ಟಡಕ್ಕೆ ಬಿಲ್ಲಿಲ್ಲದೆ ಹೋದರೆ ಎಷ್ಟಾದೀತು, ನೀವೇ ಲೆಕ್ಕ ಹಾಕಿ. ಮೇಸ್ತ್ರಿಯ ಕೈಗೆ ನಗದು ಕೊಟ್ಟು ಬರೆದಿಡದೆ ಬಿಡುವ ನಮ್ಮ ರೂಢಿಗೆ ತೆರುವ ದಂಡ ಇದು. ಕೂಲಿಗೂ ಸಹಿ ಹಾಕಿಸಿದ ಚೀಟಿ ಇರಲಿ. ಆದಷ್ಟೂ ಖಾತೆಯಿಂದ ಕೊಡಿ.

ಬಾಡಿಗೆಯಿಂದ ಒಮ್ಮೆ ಕಳೆದ ಬಡ್ಡಿಯನ್ನು ಮಾರುವಾಗ ಮತ್ತೆ ಮನೆಯ ಬೆಲೆಗೆ ಸೇರಿಸುವಂತಿಲ್ಲ. 2023ರ ಹಣಕಾಸು ಕಾಯ್ದೆ ಇದನ್ನು ಸ್ಪಷ್ಟಪಡಿಸಿದೆ. ಒಂದೇ ಹಾಲನ್ನು ಎರಡು ಸಲ ಅಳೆಯಲಾಗದು.

ಹೆಸರು ಯಾರದು?

ತೆರಿಗೆ ಕಟ್ಟುವವರು ಮಾಲೀಕರು. ಬಡ್ಡಿ ಕಳೆಯುವ ಹಕ್ಕೂ ಮಾಲೀಕರದೇ. ಕ್ರಯಪತ್ರ ತಂದೆಯ ಹೆಸರಿನಲ್ಲಿ, ಸಾಲ ಮಗನ ಹೆಸರಿನಲ್ಲಿ ಇದ್ದರೆ ಬಡ್ಡಿ ಕಟ್ಟುವ ಮಗನಿಗೆ ಕಡಿತವಿಲ್ಲ.

ನಮ್ಮ ಮಹಿಳಾ ಸದಸ್ಯರು ಇದನ್ನು ವಿಶೇಷವಾಗಿ ಗಮನಿಸಬೇಕು. ನಿಮ್ಮ ಹಾಲಿನ ಬಟವಾಡೆ ನಿಮ್ಮ ಖಾತೆಗೇ ಬರುತ್ತಿದ್ದು, ಆ ಹಣ ನಿವೇಶನಕ್ಕೋ ಕಂತಿಗೋ ಹೋಗುತ್ತಿದ್ದರೆ ಕ್ರಯಪತ್ರದಲ್ಲಿ ನಿಮ್ಮ ಹೆಸರೂ ಪಾಲೂ ಇರುವಂತೆ ನೋಡಿಕೊಳ್ಳಿ. ಪಾಲು ಗೊತ್ತಾಗಿರುವ ಜಂಟಿ ಮಾಲೀಕರಿಗೆ ಬಾಡಿಗೆಯನ್ನೂ ಬಡ್ಡಿಯನ್ನೂ ಪಾಲಿನ ಪ್ರಕಾರ ಬೇರೆಬೇರೆಯಾಗಿ ಲೆಕ್ಕ ಹಾಕುತ್ತಾರೆ. ಬದಲಾಗಿ, ಗಂಡ ತನ್ನ ಹಣದಿಂದ ಹೆಂಡತಿಯ ಹೆಸರಿಗೆ ಕೊಂಡದ್ದಾದರೆ ಬಾಡಿಗೆಯನ್ನು ಗಂಡನ ಆದಾಯಕ್ಕೇ ಸೇರಿಸುತ್ತಾರೆ. ಹಣ ಯಾರದೆಂಬುದಕ್ಕೆ ಪಾಸ್‌ಪುಸ್ತಕವೇ ಸಾಕ್ಷಿ.

ಕೆಲವು ಪ್ರಶ್ನೆಗಳು

ಪ್ರಶ್ನೆ: ಬಾಡಿಗೆ ಮನೆಯನ್ನು “ವ್ಯವಹಾರ” ಎಂದು ತೋರಿಸಿ ಎಲ್ಲ ಖರ್ಚನ್ನೂ ಕಳೆಯಬಹುದೇ?
ಉತ್ತರ: ಆಗದು. 2024ರ ತಿದ್ದುಪಡಿಯಂತೆ, 2024-25ರ ಆದಾಯದಿಂದ ಮೊದಲ್ಗೊಂಡು, ಮಾಲೀಕರು ಬಾಡಿಗೆಗೆ ಕೊಟ್ಟ ವಾಸದ ಮನೆಯ ಆದಾಯವನ್ನು ಮನೆ ಆಸ್ತಿಯ ಶೀರ್ಷಿಕೆಯಲ್ಲೇ ತೋರಿಸಬೇಕು.

ಪ್ರಶ್ನೆ: ವಿದ್ಯಾರ್ಥಿಗಳಿಗೆ ಊಟ, ಹಾಸಿಗೆ ಸಹಿತ ಹಾಸ್ಟೆಲ್ ನಡೆಸಿದರೆ?
ಉತ್ತರ: ಅಡುಗೆಯವರು, ಆಳುಕಾಳು ಇಟ್ಟುಕೊಂಡು ಸೇವೆ ಒದಗಿಸುವುದು ಬರಿಯ ಬಾಡಿಗೆಗಿಂತ ಬೇರೆ, ಅದು ವ್ಯವಹಾರವಾಗಬಹುದು. ವ್ಯವಹಾರದಲ್ಲಿ ನಿಜ ಖರ್ಚನ್ನು ಕಳೆಯುತ್ತಾರೆ. ಅಲ್ಲಿಯೂ “ಸ್ಥಾಪನೆ” ಆಗುವ ಮುಂಚಿನ ಖರ್ಚು ಬೇರೆ, ಆದ ನಂತರದ್ದು ಬೇರೆ. ಗಿರಾಕಿ ಬರುವ ಮುಂಚೆಯೂ ಸ್ಥಾಪನೆ ಆಗಿರಬಹುದು ಎಂಬ ಭೇದವನ್ನು 1954ರಲ್ಲೇ ಬಾಂಬೆ ಹೈಕೋರ್ಟು ವಿವರಿಸಿತ್ತು. ಇಂಥವರು ಪ್ರಾರಂಭಕ್ಕೆ ಮುನ್ನವೇ ಲೆಕ್ಕಪರಿಶೋಧಕರನ್ನು ಕಾಣುವುದು ಒಳ್ಳೆಯದು.

ಪ್ರಶ್ನೆ: ಅಮೆರಿಕದಲ್ಲಿರುವ ಮಗ, ಅಲ್ಲಿ ಬಾಡಿಗೆ ಮನೆಯ ಕಟ್ಟಡಕ್ಕೆ ವರ್ಷವರ್ಷವೂ ಸವಕಳಿ ಕಳೆಯುತ್ತಾರೆ ಎನ್ನುತ್ತಾನೆ. ನಮಗೂ ಉಂಟೇ?
ಉತ್ತರ: ಅಲ್ಲಿ ವಾಸದ ಬಾಡಿಗೆ ಕಟ್ಟಡದ ಬೆಲೆಯನ್ನು 27½ ವರ್ಷಗಳಲ್ಲಿ ಹಂಚಿ ಕಳೆಯುವುದು ನಿಜ. ನಮ್ಮಲ್ಲಿ ಮನೆ ಆಸ್ತಿಯ ಶೀರ್ಷಿಕೆಯಲ್ಲಿ ಸವಕಳಿ ಇಲ್ಲ; ಇರುವುದು ಶೇ. 30 ಮಾತ್ರ. ಅಲ್ಲಿಯ ನಿಯಮ ಇಲ್ಲಿಗೆ ಹೊಂದದು.

ಪ್ರಶ್ನೆ: ಮನೆಯನ್ನು ಭೋಗ್ಯಕ್ಕೆ ಕೊಟ್ಟಿದ್ದೇನೆ, ಬಾಡಿಗೆಯೇ ಇಲ್ಲ. ಲೆಕ್ಕವೂ ಇಲ್ಲವೇ?
ಉತ್ತರ: ಇದೆ. ಹಿಂತಿರುಗಿಸಬೇಕಾದ ಭೋಗ್ಯದ ಹಣ ಅಥವಾ ಅಡ್ವಾನ್ಸ್ ಆದಾಯವಲ್ಲ. ಆದರೆ ಅಂಥ ಮನೆಗೆ ನ್ಯಾಯವಾಗಿ ಬರಬಹುದಾಗಿದ್ದ ಬಾಡಿಗೆಯನ್ನು ವಾರ್ಷಿಕ ಮೌಲ್ಯವೆಂದು ತೆಗೆದುಕೊಳ್ಳಬಹುದು.

ಪ್ರಶ್ನೆ: ಬಾಡಿಗೆಯ ಮನೆ ನಡುವೆ ನಾಲ್ಕು ತಿಂಗಳು ಖಾಲಿ ಇತ್ತು. ಆ ತಿಂಗಳ ಬಾಡಿಗೆಗೂ ತೆರಿಗೆಯೇ?
ಉತ್ತರ: ಬಾಡಿಗೆಗೆ ಕೊಟ್ಟ ಮನೆ ಖಾಲಿ ಬಿದ್ದ ಕಾರಣಕ್ಕೆ ಕಡಿಮೆಯಾದರೆ, ನಿಜವಾಗಿ ಬಂದ ಬಾಡಿಗೆಯನ್ನೇ ತೋರಿಸಬಹುದು. ಬಡ್ಡಿ ಪೂರ್ತಿ ವರ್ಷದ್ದು ಕಳೆಯುತ್ತದೆ. ಖಾಲಿ ತಿಂಗಳ ಕರೆಂಟ್ ಬಿಲ್ಲನ್ನು ಸಾಕ್ಷಿಗೆ ಇಟ್ಟುಕೊಳ್ಳಿ.

ಪ್ರಶ್ನೆ: ನಮ್ಮ ಮಳಿಗೆಯನ್ನು ಒಂದು ಬ್ಯಾಂಕು ಬಾಡಿಗೆಗೆ ಕೇಳಿದೆ. ಬಾಡಿಗೆಯಲ್ಲಿ ತೆರಿಗೆ ಹಿಡಿಯುತ್ತಾರೆಯೇ?
ಉತ್ತರ: 1-4-2025ರಿಂದ, ತಿಂಗಳ ಬಾಡಿಗೆ ರೂ. 50,000 ಮೀರಿದರೆ ಇಂಥ ಸಂಸ್ಥೆಗಳು ಶೇ. 10 ಹಿಡಿದು ನಿಮ್ಮ ಪ್ಯಾನ್ ಸಂಖ್ಯೆಗೆ ಕಟ್ಟುತ್ತವೆ. ಅದು ಹೆಚ್ಚುವರಿ ತೆರಿಗೆಯಲ್ಲ. ವಿವರಪತ್ರ ಸಲ್ಲಿಸಿದಾಗ ನಿಮ್ಮ ಲೆಕ್ಕಕ್ಕೆ ಜಮಾ ಆಗುತ್ತದೆ, ಹೆಚ್ಚಾಗಿದ್ದರೆ ವಾಪಸು ಬರುತ್ತದೆ.

ನೆನಪಿನಲ್ಲಿಡಿ

- ಬಾಡಿಗೆಯಿಂದ ಕಳೆಯುವುದು ಮೂರೇ: ಕಟ್ಟಿದ ಕಂದಾಯ, ಶೇ. 30, ಬಡ್ಡಿ.
- ಕಟ್ಟುವ ಕಾಲದ ಬಡ್ಡಿಯನ್ನು ಐದು ಪಾಲು ಮಾಡಿ, ಐದು ವರ್ಷವೂ ತಪ್ಪದೆ ತೋರಿಸಿ.
- ಕ್ರಯ, ಶುಲ್ಕ, ಕಟ್ಟಡ, ಬೋರ್‌ವೆಲ್‌ಗಳ ಚೀಟಿಗಳು ಮನೆ ಮಾರುವವರೆಗೆ ಜೋಪಾನ.
- ಹೊಸ ಪದ್ಧತಿಯಲ್ಲಿ ಮನೆಯ ನಷ್ಟ ಸಂಬಳದ ತೆರಿಗೆಯನ್ನು ಇಳಿಸುವುದಿಲ್ಲ.
- ಹಣ ಕೊಟ್ಟವರು, ಸಾಲಗಾರರು, ಮಾಲೀಕರು ಈ ಮೂವರ ಹೆಸರು ಹೊಂದಿಕೆಯಾಗಲಿ.

ನಿವೇಶನಕ್ಕೆ ಮುಂಗಡ ಕೊಡುವ ಮುನ್ನ ಒಂದು ಸಂಜೆ ಮನೆಯವರೆಲ್ಲ ಕೂತು, ಮೇಲಿನ ಲೆಕ್ಕವನ್ನು ನಿಮ್ಮದೇ ಅಂಕಿಗಳನ್ನು ಹಾಕಿ ಬರೆದು ನೋಡಿ. ಒಮ್ಮೆ ವರ್ಷಪೂರ್ತಿ ಬಾಡಿಗೆ ಬರುತ್ತದೆಂದು ಬರೆಯಿರಿ. ಇನ್ನೊಮ್ಮೆ ಒಂಬತ್ತು ತಿಂಗಳು ಮಾತ್ರ ಎಂದು ಬರೆಯಿರಿ. ತೆರಿಗೆಯ ಉಳಿತಾಯವನ್ನು ಸೇರಿಸದೆ ಕಂತು ಕಟ್ಟಲು ಆಗುವಂತಿದ್ದರೆ ಮುಂದುವರಿಯಿರಿ. ತೆರಿಗೆ ಉಳಿತಾಯ ಬಂದರೆ ಮಾತ್ರ ಕಂತು ಸಾಗುತ್ತದೆ ಎನ್ನುವಂತಿದ್ದರೆ ಸಾಲವನ್ನು ಕಡಿಮೆ ಮಾಡಿ, ಅಥವಾ ಎರಡು ಮನೆಯ ಬದಲು ಈಗ ಒಂದನ್ನು ಕಟ್ಟಿ. ವಿವರಪತ್ರ ಸಲ್ಲಿಸುವ ಮುನ್ನ ನಾಲ್ಕೂ ಲಕೋಟೆಗಳೊಡನೆ ನಿಮ್ಮ ಲೆಕ್ಕಪರಿಶೋಧಕರನ್ನು ಕಂಡು, ಆ ವರ್ಷದ ದರ ಮತ್ತು ಮಿತಿಗಳನ್ನು ಖಚಿತಪಡಿಸಿಕೊಳ್ಳಿ.